ಔಷಧಿ ಹೊಡೆಯುವ ಮೊದಲು ಕೋಳಿಯನ್ನು ಎತ್ತಿ ನೋಡಿ



ಈ ಪತ್ರಿಕೆಯಲ್ಲಿ ನಾವು ಯಾವಾಗಲೂ ಮಾತಾಡುವುದು ಹಸು, ಎಮ್ಮೆ, ಮೇವು, ಫ್ಯಾಟು, ಎಸ್‌.ಎನ್‌.ಎಫ್‌. ಬಗ್ಗೆ. ಈ ಸಲ ದನದ ಮನೆಯ ಮೂಲೆಯಲ್ಲಿ ಕೆದರುತ್ತ ಓಡಾಡುವ ಕೋಳಿಯ ಬಗ್ಗೆ ಬರೆಯುತ್ತಿದ್ದೇನೆ. ಜವಳಗೇರಾ ಸುತ್ತಮುತ್ತ, ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಎಲ್ಲಿಗೆ ಹೋದರೂ ಎಮ್ಮೆ ಕಟ್ಟಿದ ಮನೆಯಲ್ಲಿ ಐದಾರು ಜವಾರಿ ಕೋಳಿ ಇದ್ದೇ ಇರುತ್ತವೆ. ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಒಂದು ಪ್ರಶ್ನೆಯೂ ಆಗಾಗ ಕಿವಿಗೆ ಬೀಳುತ್ತದೆ: "ಯಕ್ಕಾ, ನಮ್ಮ ಹ್ಯಾಟಿ ಮೈಮ್ಯಾಲಿನ ಪುಕ್ಕೆಲ್ಲ ಉದುರ್ಯಾವ. ಏನ್ ಹೊಡೀಲಿ?"

ನನ್ನ ತಕರಾರು ಇರುವುದು ಈ ಕೊನೆಯ ಮಾತಿನ ಬಗ್ಗೆ. ಏನಾಗಿದೆ ಎಂದು ಕೇಳುವ ಮೊದಲೇ ಏನು ಹೊಡೆಯಲಿ ಎಂದು ಕೇಳುತ್ತೇವೆ. ಹೊಲದಲ್ಲಿ ಪಂಪು ಹೆಗಲಿಗೇರಿಸುವ ರೂಢಿ ಹಿತ್ತಲಿಗೂ ಬಂದಿದೆ. ಪುಕ್ಕ ಉದುರಲು ಕನಿಷ್ಠ ಐದಾರು ಬೇರೆ ಬೇರೆ ಕಾರಣಗಳಿವೆ. ಅವುಗಳಲ್ಲಿ ಎರಡು ರೋಗವೇ ಅಲ್ಲ. ಇನ್ನೆರಡಕ್ಕೆ ಔಷಧಿಯಿಂದ ಏನೂ ಆಗುವುದಿಲ್ಲ. ಕಾರಣ ತಿಳಿಯದೆ ಹೊಡೆದ ಔಷಧಿ ಕೋಳಿಯನ್ನು ಕೊಲ್ಲಬಹುದು. ಕೋಳಿ ಬದುಕಿದರೂ ಅದು ಮೊಟ್ಟೆಯ ಮೂಲಕ ಮಕ್ಕಳ ತಟ್ಟೆಗೆ ಬರಬಹುದು.

ಇದು ಸಣ್ಣ ಲೆಕ್ಕವಲ್ಲ

"ಕೋಳಿಗೇನು ಡಾಕ್ಟ್ರು ಬೇ?" ಎಂದು ನಗುವವರು ಮನೆಯಲ್ಲೇ ಇರುತ್ತಾರೆ. ಅವರ ಮುಂದೆ ಒಂದು ಲೆಕ್ಕ ಇಡಿ. ಜವಾರಿ ಹ್ಯಾಟೆ ವರ್ಷಕ್ಕೆ ಅರವತ್ತು ಮೊಟ್ಟೆ ಇಡುತ್ತದೆ ಎಂದು ಹಿಡಿಯೋಣ. ಹತ್ತು ಹ್ಯಾಟೆಗೆ ಆರು ನೂರು. ಒಂದಕ್ಕೆ ಬರೀ ಹತ್ತು ರೂಪಾಯಿ ಎಂದರೂ ಆರು ಸಾವಿರ. ಅರ್ಧ ಮೊಟ್ಟೆಯನ್ನು ಕಾವಿಗೆ ಕೂರಿಸಿ ಮರಿ ಮಾಡಿಸಿದರೆ ಹುಂಜದ ಬೆಲೆ ಬೇರೆ. ಖರ್ಚು ಎಂದರೆ ಒಂದಿಷ್ಟು ನುಚ್ಚು, ಒಂದಿಷ್ಟು ತೌಡು, ಮಿಕ್ಕದ್ದೆಲ್ಲ ತಿಪ್ಪೆಯದು.

ಆ ದುಡ್ಡಿನ ಗುಣವೂ ಬೇರೆ. ಹಾಲಿನ ಬಟವಾಡೆ ಖಾತೆಗೆ ಬರುತ್ತದೆ. ಪಶು ಆಹಾರದ ಬಾಕಿ, ಸಾಲದ ಕಂತು, ಮಕ್ಕಳ ಫೀಸು ಎಂದು ಅದಕ್ಕೆ ಮೊದಲೇ ದಾರಿ ಗೊತ್ತಾಗಿರುತ್ತದೆ. ಮೊಟ್ಟೆಯ ದುಡ್ಡು ನೇರ ನಿಮ್ಮ ಕೈಗೆ ಬಂದು ಡಬ್ಬಿಗೆ ಬೀಳುತ್ತದೆ. ಅದಕ್ಕೆ ಯಾರನ್ನೂ ಕೇಳಬೇಕಿಲ್ಲ. ಒಂದು ಓಣಿಯಲ್ಲಿ ಒಮ್ಮೆ ಸಿಡುಬೋ ಕೊಕ್ಕರೆ ರೋಗವೋ ಹೊಕ್ಕು ಗೂಡು ಖಾಲಿಯಾದರೆ ಮನೆಯ ಯಜಮಾನರ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ನಿಮ್ಮ ಲೆಕ್ಕದಲ್ಲಿ ಮಾತ್ರ ಕಾಣುತ್ತದೆ.

ಎತ್ತಿ ನೋಡುವ ಕಲೆ ನಿಮಗೆ ಹೊಸದಲ್ಲ

ಎಮ್ಮೆಯ ಕೆಚ್ಚಲಿಗೆ ಕೈ ಇಟ್ಟ ಕೂಡಲೇ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ನಿಮಗೆ ಗೊತ್ತಾಗುತ್ತದೆ. ಮೊದಲ ಹಾಲನ್ನು ಬಟ್ಟಲಿಗೆ ಹಿಂಡಿ ಹರಕು ಬಂದಿದೆಯೇ ಎಂದು ನೋಡುತ್ತೀರಿ. ಕೆಚ್ಚಲು ಬಾವನ್ನು ಡಾಕ್ಟರಿಗಿಂತ ಒಂದು ದಿನ ಮೊದಲೇ ಹೇಳುವವರು ನೀವೇ. ಅದೇ ಕಣ್ಣು, ಅದೇ ಕೈ ಕೋಳಿಗೂ ಸಾಕು. ದೂರದಿಂದ ನೋಡಿದರೆ ಮಾತ್ರ ಏನೂ ತಿಳಿಯುವುದಿಲ್ಲ. ಪುಕ್ಕ ಎಲ್ಲವನ್ನೂ ಮುಚ್ಚಿಟ್ಟಿರುತ್ತದೆ.

ಸಂಜೆ ಕೋಳಿ ಗೂಡು ಸೇರಿದ ಮೇಲೆ ಹಿಡಿಯುವುದು ಸುಲಭ, ಓಡಿಸುವ ಗೋಳಿಲ್ಲ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ತೊಡೆಯ ಮೇಲೆ ಇಟ್ಟುಕೊಳ್ಳಿ. ಮನೆಯವರೊಬ್ಬರು ಮೊಬೈಲಿನ ಬೆಳಕು ಹಿಡಿಯಲಿ. ಪ್ರತಿಸಲವೂ ಒಂದೇ ಕ್ರಮದಲ್ಲಿ ಐದು ಜಾಗ ನೋಡಿ: ಮೊದಲು ತಲೆ ಮತ್ತು ಜುಟ್ಟು, ನಂತರ ಕುತ್ತಿಗೆ ಮತ್ತು ಬೆನ್ನು, ನಂತರ ರೆಕ್ಕೆಯ ಅಡಿ, ನಂತರ ಬಾಲದ ಕೆಳಗೆ ಮೊಟ್ಟೆ ಇಡುವ ದ್ವಾರದ ಸುತ್ತ, ಕೊನೆಗೆ ಕಾಲು. ಪುಕ್ಕವನ್ನು ಬೆರಳಿನಿಂದ ಎದುರು ದಿಕ್ಕಿಗೆ ಎಬ್ಬಿಸಿ ಬುಡ ನೋಡಬೇಕು. ಎದೆಯ ಮೂಳೆಯನ್ನೂ ಒಮ್ಮೆ ತಡವಿ. ಚೂರಿಯಂತೆ ಚೂಪಾಗಿ ಸಿಕ್ಕರೆ ಕೋಳಿ ಬಹಳ ದಿನದಿಂದ ಸೊರಗುತ್ತಿದೆ ಎಂದರ್ಥ. ಒಂದು ಕೋಳಿಗೆ ಎರಡು ನಿಮಿಷ ಸಾಕು. ತಿಂಗಳಿಗೊಮ್ಮೆ, ಅಮಾವಾಸ್ಯೆಗೋ ಹುಣ್ಣಿಮೆಗೋ ಎಂದು ಗುರುತಿಟ್ಟುಕೊಂಡರೆ ಮರೆಯುವುದಿಲ್ಲ. ನೋಡಿದ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆದೇ ಹಾಲು ಹಿಂಡಲು ಹೋಗಿ.

ರೋಗವಲ್ಲದ ಉದುರುವಿಕೆ

ವರ್ಷಕ್ಕೊಮ್ಮೆ ಕೋಳಿ ಹಳೆಯ ಪುಕ್ಕ ಉದುರಿಸಿ ಹೊಸದು ತೊಡುತ್ತದೆ. ಹಗಲು ಕಡಿಮೆಯಾಗುತ್ತ ಬರುವ ಕಾಲದಲ್ಲಿ ಇದು ಹೆಚ್ಚು. ಕಾವು ಕೂತು ಎದ್ದ ಹ್ಯಾಟೆಗೂ ಆಗುತ್ತದೆ. ಇದಕ್ಕೆ ಒಂದು ಕ್ರಮವಿದೆ: ತಲೆ ಮತ್ತು ಕುತ್ತಿಗೆಯಿಂದ ಶುರುವಾಗಿ ಎದೆ, ಬೆನ್ನು, ರೆಕ್ಕೆ, ಕೊನೆಗೆ ಬಾಲ. ಬೋಳಾದ ಜಾಗವನ್ನು ಬೆರಳಿನಿಂದ ಸವರಿದರೆ ಮುಳ್ಳಿನಂಥ ಹೊಸ ಗರಿಯ ಮೊಳಕೆ ಸಿಗುತ್ತದೆ. ಚರ್ಮ ಸ್ವಚ್ಛವಾಗಿರುತ್ತದೆ, ಕೋಳಿ ಮೇಯುತ್ತಿರುತ್ತದೆ, ಮೊಟ್ಟೆ ಮಾತ್ರ ನಿಂತಿರುತ್ತದೆ. ಎರಡು ಮೂರು ತಿಂಗಳು ತಾಳಿದರೆ ಎಲ್ಲ ಸರಿಯಾಗುತ್ತದೆ. ಈ ಸಮಯದಲ್ಲಿ "ಮುದಿಯಾಯಿತು, ಮೊಟ್ಟೆ ಬಿಟ್ಟಿತು" ಎಂದು ಸಂತೆಗೆ ಒಯ್ಯುವವರು ಒಳ್ಳೆಯ ಹ್ಯಾಟೆಯನ್ನು ಕಳೆದುಕೊಳ್ಳುತ್ತಾರೆ.

ಈ ಕೋಳಿಗೆ ಬೇಕಾದದ್ದು ಆಹಾರ. ಪುಕ್ಕದ ಬಹುಭಾಗ ಪ್ರೊಟೀನು. ಭತ್ತದ ಸೀಮೆಯ ನಮ್ಮ ಕೋಳಿಗೆ ಸಿಗುವುದು ನುಚ್ಚು ಮತ್ತು ತೌಡು. ಅದರಲ್ಲಿ ಹೊಟ್ಟೆ ತುಂಬುತ್ತದೆ, ಪುಕ್ಕ ಬೇಗ ಬರುವುದಿಲ್ಲ. ತಿಪ್ಪೆಯನ್ನು ಕೆದರಲು ಬಿಡಿ, ಗೆದ್ದಲು ಸಿಕ್ಕರೆ ಹಾಕಿ. ದನಕ್ಕೆ ಬೆಳೆಸಿದ ಅಜೋಲ್ಲಾದಲ್ಲಿ ಒಂದು ಹಿಡಿ, ನುಗ್ಗೆ ಸೊಪ್ಪು, ಬೂಸ್ಟು ಹತ್ತದ ಶೇಂಗಾ ಹಿಂಡಿ ಸ್ವಲ್ಪ, ಮಿಕ್ಕ ಮಜ್ಜಿಗೆ ಕೊಡಿ. ಆದರೆ ಎಮ್ಮೆಗೆ ತಂದ ಪಶು ಆಹಾರವನ್ನು ಕೋಳಿಗೆ ಮೇವಾಗಿ ಇಡಬೇಡಿ. ಅದನ್ನು ಮೆಲುಕು ಹಾಕುವ ಪ್ರಾಣಿಗಾಗಿ ಮಾಡಿರುತ್ತಾರೆ. ಅದರಲ್ಲಿ ಯೂರಿಯಾ ಇರಬಹುದು. ಎಮ್ಮೆಯ ಹೊಟ್ಟೆ ಅದನ್ನು ಬಳಸಿಕೊಳ್ಳುತ್ತದೆ, ಕೋಳಿಯ ಹೊಟ್ಟೆಗೆ ಆಗುವುದಿಲ್ಲ. ಗ್ವಾದಲಿಯ ಕೆಳಗೆ ಬಿದ್ದ ನಾಲ್ಕು ಕಾಳು ಹೆಕ್ಕಿದರೆ ಗಾಬರಿ ಬೇಡ.

ಬೆನ್ನು ಮತ್ತು ತಲೆಯ ಹಿಂಭಾಗ ಮಾತ್ರ ಬೋಳಾಗಿದ್ದರೆ ಅದು ಹುಂಜ ಮೆಟ್ಟಿದ ಗುರುತು. ಇಡೀ ಗುಂಪಿನಲ್ಲಿ ಒಂದೆರಡು ಹ್ಯಾಟೆಗೇ ಹೀಗಾಗಿರುತ್ತದೆ. ನಾಲ್ಕು ಹ್ಯಾಟೆಗೆ ಎರಡು ಹುಂಜ ಇದ್ದ ಮನೆಯಲ್ಲಿ ಇದು ಹೆಚ್ಚು. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಉಳಿದದ್ದನ್ನು ಮಾರಿ. ಎದೆಯ ಅಡಿ ಬೋಳಾಗಿದ್ದು ಹ್ಯಾಟೆ ಗೂಡು ಬಿಡದೆ ಕೂತಿದ್ದರೆ ಅದು ಕಾವಿನ ಲಕ್ಷಣ. ಮೊಟ್ಟೆಗೆ ಮೈಬಿಸಿ ತಾಗಲೆಂದೇ ಆ ಜಾಗ ಬರಿದಾಗುತ್ತದೆ. ಇನ್ನು ಹುಟ್ಟಿನಿಂದಲೇ ಕುತ್ತಿಗೆ ಬೋಳಾಗಿರುವ ತಳಿಯ ಕೋಳಿಗೆ ಎಣ್ಣೆ ಹಚ್ಚಿ ದಣಿಯಬೇಡಿ, ಅದು ಅದರ ಜಾತಿಗುಣ.

ಬಾಲದ ಬುಡ ಅಥವಾ ಹಿಂಬದಿ ಬೋಳಾಗಿ ರಕ್ತ ಒಸರುತ್ತಿದ್ದರೆ ಉಳಿದ ಕೋಳಿಗಳು ಕುಕ್ಕುತ್ತಿವೆ. ಇಕ್ಕಟ್ಟು, ಬಿಸಿಲ ಝಳ, ಪ್ರೊಟೀನಿನ ಕೊರತೆ ಇದಕ್ಕೆ ಕಾರಣ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಗೂಡಿನೊಳಗೆ ಮುಚ್ಚಿಟ್ಟರೆ ಯಾವ ಕೋಳಿಯೂ ಸುಮ್ಮನಿರದು. ರಕ್ತ ಕಂಡ ಕೋಳಿಯನ್ನು ಆ ಗಳಿಗೆಯೇ ಬೇರೆ ಬುಟ್ಟಿಯ ಕೆಳಗೆ ಹಾಕಿ. ರಕ್ತ ಕಂಡರೆ ಉಳಿದವು ಬಿಡುವುದಿಲ್ಲ. ಗಾಯವನ್ನು ಉಪ್ಪು ನೀರಿನಲ್ಲಿ ತೊಳೆದು ಅರಿಸಿನ ಹಚ್ಚಿ, ನೊಣ ಕೂರದಂತೆ ನೋಡಿಕೊಳ್ಳಿ. ಗೂಡಿಗೆ ಗಾಳಿ, ನೆರಳು, ತಣ್ಣೀರು ಬೇಕು.

ಹೇನು, ನುಸಿ, ಉಣ್ಣೆ: ಒಂದೇ ಅಲ್ಲ

ದ್ವಾರದ ಸುತ್ತ ಪುಕ್ಕ ಬಿಡಿಸಿದಾಗ ಹುಲ್ಲಿನ ಬಣ್ಣದ, ಚಪ್ಪಟೆ ಹುಳ ಸರಸರ ಓಡಿದರೆ ಅದು ಹೇನು. ಪುಕ್ಕದ ಬುಡಕ್ಕೆ ಬಿಳಿ ಅಕ್ಕಿನುಚ್ಚಿನಂತೆ ಅಂಟಿಕೊಂಡ ಗುಂಪು ಅದರ ಮೊಟ್ಟೆ. ಇದು ಕೋಳಿಯ ಮೈಮೇಲೆಯೇ ಹುಟ್ಟಿ ಅಲ್ಲೇ ಸಾಯುವ ಜೀವಿ, ಮಕ್ಕಳ ತಲೆಗಾಗಲಿ ಎಮ್ಮೆಯ ಮೈಗಾಗಲಿ ಹೋಗಿ ನೆಲೆಸುವುದಿಲ್ಲ.

ನುಸಿ ಅದಕ್ಕಿಂತ ಸಣ್ಣದು. ಮೆಣಸಿನಕಾಯಿ ಬೆಳೆದವರಿಗೆ ನುಸಿಯ ಕಾಟ ಗೊತ್ತು. ಕೋಳಿಗೆ ಬರುವ ನುಸಿ ಬೇರೆ, ರಕ್ತ ಹೀರುವಂಥದ್ದು. ಅದರಲ್ಲಿ ಒಂದು ಬಗೆ ಹಗಲು ರಾತ್ರಿ ಮೈಮೇಲೆಯೇ ಇರುತ್ತದೆ. ದ್ವಾರದ ಸುತ್ತಲಿನ ಪುಕ್ಕ ಕೊಳಕು ಹತ್ತಿದಂತೆ ಕಪ್ಪಾಗಿ ಕಾಣುತ್ತದೆ. ಇನ್ನೊಂದು ಬಗೆ ಹಗಲಿನಲ್ಲಿ ಕೋಳಿಯ ಮೇಲೆ ಸಿಗುವುದೇ ಇಲ್ಲ. ಗೂಡಿನ ಕಟ್ಟಿಗೆಯ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಹೋಗುತ್ತದೆ. ಹಾಗಾಗಿ ಹಗಲು ನೋಡಿ "ಏನೂ ಇಲ್ಲ" ಎನ್ನಬೇಡಿ. ಕತ್ತಲಾದ ಎರಡು ತಾಸಿನ ಮೇಲೆ ಬಿಳಿ ಬಟ್ಟೆಯಿಂದ ಕೋಳಿ ಕೂರುವ ಕೋಲಿನ ಅಡಿಭಾಗವನ್ನು ಒರೆಸಿ. ಬಟ್ಟೆಗೆ ಕೆಂಪು ಗೀರು ಬಿದ್ದರೆ ಅದು ನುಸಿ ಕುಡಿದ ರಕ್ತ. ಜುಟ್ಟು ಬಿಳಿಚಿಕೊಂಡಿದ್ದರೆ, ಕಾವಿಗೆ ಕೂತ ಹ್ಯಾಟೆ ಮೊಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರೆ, ಗೂಡಿಗೆ ಕೈ ಹಾಕಿದ ನಿಮಗೇ ತುರಿಕೆಯಾದರೆ ಈ ಪರೀಕ್ಷೆ ಮಾಡಲೇಬೇಕು.

ಮಣ್ಣಿನ ಗೋಡೆಯ ಬಿರುಕಿನಲ್ಲಿ ಅಡಗುವ ಕೋಳಿ ಉಣ್ಣೆಯೂ ರಾತ್ರಿಯ ಕಳ್ಳನೇ. ಅದು ಕಚ್ಚಿ ರಕ್ತ ಕುಡಿಯುವುದಷ್ಟೇ ಅಲ್ಲ, ಜ್ವರ ಹತ್ತಿಸಿ ಕೋಳಿಯನ್ನು ಕೊಲ್ಲುವ ರೋಗವನ್ನೂ ತರುತ್ತದೆ. ಕಣ್ಣಿನ ಸುತ್ತ, ಜುಟ್ಟಿನ ಮೇಲೆ ಕಪ್ಪು ಎಳ್ಳು ಅಂಟಿಸಿದಂತೆ ಗುಂಪಾಗಿ ಕಚ್ಚಿಕೊಂಡು ಕದಲದೆ ಇರುವುದು ಒಂದು ಬಗೆಯ ಚಿಗಟ.

ಇವಕ್ಕೆಲ್ಲ ಅರ್ಧ ಮದ್ದು ಗೂಡಿನಲ್ಲಿದೆ. ಹಳೆಯ ಹುಲ್ಲನ್ನು ತೆಗೆದು ಸುಡಿ. ಬಿರುಕು ಮೆತ್ತಿ ಸುಣ್ಣ ಬಳಿಯಿರಿ. ಕೂರುವ ಕೋಲನ್ನು ಬಿಸಿಲಿಗೆ ಹಾಕಿ, ಕುದಿಯುವ ನೀರು ಸುರಿಯಿರಿ. ಒಣ ಮಣ್ಣು, ಮರಳು, ಜರಡಿ ಹಿಡಿದ ಒಲೆಯ ಬೂದಿ ಸೇರಿಸಿ ಒಂದು ಗುಂಡಿ ಮಾಡಿಕೊಡಿ. ಕೋಳಿ ತಾನೇ ಹೊರಳಾಡಿ ಹೇನು ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಗುಂಡಿ ನೆನೆಯದಂತೆ ತಗಡು ಮುಚ್ಚಿ. ಏಳರಿಂದ ಹತ್ತು ದಿನಕ್ಕೆ ಇದೇ ಕೆಲಸವನ್ನು ಇನ್ನೊಮ್ಮೆ ಮಾಡಿ. ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟು ಹೊತ್ತಿಗೆ ಒಡೆದಿರುತ್ತವೆ. ಅಷ್ಟಾದರೂ ಹೋಗದಿದ್ದರೆ ಪಶು ಆಸ್ಪತ್ರೆಯಲ್ಲಿ ಕೋಳಿಗೆಂದೇ ಕೊಡುವ ಔಷಧಿ ಕೇಳಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಕೇಳಿಯೇ ಬನ್ನಿ.

ಕಾಲಿನ ಹುರುಪೆ ಎದ್ದು, ಸುಣ್ಣ ಮೆತ್ತಿದಂತೆ ದಪ್ಪಗಾಗಿ ಕೋಳಿ ಕುಂಟುತ್ತಿದ್ದರೆ ಹುರುಪೆಯ ಅಡಿ ನುಸಿ ಸೇರಿದೆ. ಇದನ್ನು "ವಯಸ್ಸಾಯಿತು" ಎಂದು ಬಿಟ್ಟುಬಿಡುತ್ತೇವೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಕಾಲು ನೆನೆಸಿ, ಹಳೆಯ ಬ್ರಶ್ಶಿನಿಂದ ಮೆತ್ತಗೆ ಉಜ್ಜಿ, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ದಪ್ಪಗೆ ಹಚ್ಚಿ. ಎಣ್ಣೆಯ ಅಡಿ ನುಸಿಗೆ ಉಸಿರು ಸಿಗುವುದಿಲ್ಲ. ವಾರಕ್ಕೆ ಎರಡು ಸಲದಂತೆ ಕೆಲವು ವಾರ ಮಾಡಿ. ಹುರುಪೆಯನ್ನು ಕಿತ್ತು ತೆಗೆಯಬೇಡಿ. ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ.

ಸಿಡುಬು ಮತ್ತು ಸೊಳ್ಳೆ

ಜುಟ್ಟು, ಕಣ್ಣಿನ ರೆಪ್ಪೆ, ಗಲ್ಲದ ಜೋಲು, ಹೀಗೆ ಪುಕ್ಕವಿಲ್ಲದ ಜಾಗದಲ್ಲಿ ಮೊದಲು ಸಣ್ಣ ಗುಳ್ಳೆ, ಆಮೇಲೆ ಕಂದು ಕಪ್ಪು ಹಕ್ಕಳೆ ಕಟ್ಟಿದರೆ ಅದು ಕೋಳಿ ಸಿಡುಬು. ಹುಂಜಗಳು ಕಾದಾಡಿದ ಗಾಯವೂ ಜುಟ್ಟಿನ ಮೇಲೆ ಹೀಗೇ ಕಾಣಬಹುದು. ವ್ಯತ್ಯಾಸ ಇಷ್ಟೇ: ಗಾಯ ಒಂದೆರಡು ಕೋಳಿಗೆ ಇರುತ್ತದೆ, ಗೀರಿನಂತೆ ಇರುತ್ತದೆ. ಸಿಡುಬು ಗಂಟುಗಂಟಾಗಿ ಎದ್ದು ವಾರದಲ್ಲಿ ಇನ್ನಷ್ಟು ಕೋಳಿಗೆ ಕಾಣಿಸಿಕೊಳ್ಳುತ್ತದೆ. ಜುಟ್ಟಿನ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಇದ್ದರೆ ಅದು ಬೂಸ್ಟಿನ ರೋಗ. ಅಂಥ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಸಿಡುಬನ್ನು ಒಂದು ಕೋಳಿಯಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದು ಮುಖ್ಯವಾಗಿ ಸೊಳ್ಳೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಗದ್ದೆ ನಿಂತ ಮೇಲೆ ನಮ್ಮ ಊರುಗಳಲ್ಲಿ ಸೊಳ್ಳೆ ಎಷ್ಟು ಎಂದು ಯಾರಿಗೆ ಹೇಳಬೇಕು? ದನಕ್ಕೆ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವವರು ಅದೇ ಹೊಗೆಯನ್ನು ಕೋಳಿ ಗೂಡಿನ ಕಡೆಗೂ ತಿರುಗಿಸಿ. ಗೂಡಿನ ಸುತ್ತ ಒಡೆದ ಗಡಿಗೆ, ಟೈರಿನಲ್ಲಿ ನೀರು ನಿಲ್ಲದಂತೆ ನೋಡಿ.

ಸಿಡುಬಿನ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಮೈಮೇಲಿನ ಸಿಡುಬು ಮೂರು ನಾಲ್ಕು ವಾರದಲ್ಲಿ ತಾನೇ ಒಣಗುತ್ತದೆ. ಬೇವು ಅರಿಸಿನ ಹಚ್ಚುವುದರಲ್ಲಿ ತಪ್ಪಿಲ್ಲ, ಹಕ್ಕಳೆ ಕೀವಾಗುವುದನ್ನು ತಡೆಯಲು ನೆರವಾಗುತ್ತದೆ. ಹಕ್ಕಳೆ ಕೀಳಬಾರದು, ಅದರಲ್ಲೇ ರೋಗವಿದೆ. ಕಣ್ಣು ಮುಚ್ಚಿ ಹೋದ ಕೋಳಿಗೆ ಮೇವು ಕಾಣುವುದಿಲ್ಲ, ಅದು ರೋಗಕ್ಕಿಂತ ಹಸಿವಿನಿಂದ ಸಾಯುತ್ತದೆ. ಕಣ್ಣನ್ನು ಬೆಚ್ಚಗಿನ ಉಪ್ಪು ನೀರಿನಿಂದ ಒರೆಸಿ ಕೈಯಾರೆ ತಿನ್ನಿಸಿ. ಬಾಯಿ ತೆರೆದು ನೋಡಿ, ಒಳಗೆ ಹಳದಿ ಪೊರೆ ಕಟ್ಟಿ ಉಸಿರಾಟಕ್ಕೆ ತೊಂದರೆ ಇದ್ದರೆ ಅದು ಗಂಭೀರ, ವೈದ್ಯರಿಗೆ ತೋರಿಸಿ.

2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದದ್ದನ್ನು ಕಂಡವರಿಗೆ ಕೋಳಿಯ ಗಂಟು ನೋಡಿ ಅದೇ ಭಯ ಬರುತ್ತದೆ. ಎರಡೂ ಸಿಡುಬಿನ ಕುಲದವೇ ಆದರೂ ಬೇರೆ ಬೇರೆ ವೈರಸ್. ಕೋಳಿಯದು ಹಸುವಿಗೆ, ಹಸುವಿನದು ಕೋಳಿಗೆ ಬರುವುದಿಲ್ಲ. ಕೋಳಿ ಸಿಡುಬು ಮನುಷ್ಯರಿಗೂ ಅಂಟುವುದಿಲ್ಲ.

ಇಲ್ಲಿ ಮಾತ್ರ ತಡ ಮಾಡಬೇಡಿ

ಜುಟ್ಟು ಮತ್ತು ಗಲ್ಲದ ಜೋಲು ನೀಲಿಗಟ್ಟಿದರೆ, ಮುಖ ಊದಿದರೆ, ಕಾಲಿನ ಮೇಲೆ ರಕ್ತ ಹೆಪ್ಪುಗಟ್ಟಿದ ಕಲೆ ಕಂಡರೆ, ಒಂದೇ ದಿನ ಎರಡು ಮೂರು ಕೋಳಿ ಸತ್ತರೆ ಅದು ಚರ್ಮದ ತೊಂದರೆಯಲ್ಲ. ಹಸಿರು ಬಿಳಿ ಭೇದಿ, ಕುತ್ತಿಗೆ ತಿರುಚುವುದು ಇದ್ದರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು. ಹಕ್ಕಿಜ್ವರವೂ ಇರಬಹುದು. 2025ರ ಫೆಬ್ರುವರಿ ಕೊನೆಯಲ್ಲಿ ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ದೃಢಪಟ್ಟದ್ದು ನೆನಪಿರಲಿ, ಅದು ನಮಗೆ ದೂರದ ಊರಲ್ಲ. ಇಂಥ ಹೊತ್ತಿನಲ್ಲಿ ಸಾಯುವ ಮೊದಲು ಕೊಯ್ದು ತಿನ್ನೋಣ, ಇಲ್ಲವೇ ಸಂತೆಗೆ ಸಾಗಿಸೋಣ ಎಂಬ ಮಾತು ಮನೆಯಲ್ಲಿ ಬರುತ್ತದೆ. ಅದಕ್ಕೆ ಬಿಲ್‌ಕುಲ್ ಒಪ್ಪಬೇಡಿ. ಸತ್ತ ಕೋಳಿಯನ್ನು ಕಾಲುವೆಗೆ ಎಸೆಯಬೇಡಿ, ಮಕ್ಕಳನ್ನು ದೂರ ಇಡಿ, ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನು ಮಾಡಿ.

ಹೊಲದ ವಿಷ ಹಿತ್ತಲಿಗೆ ಬೇಡ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಮನೆಗಳಲ್ಲಿ ಅರ್ಧ ಉಳಿದ ಔಷಧಿಯ ಬಾಟಲಿ ಇಲ್ಲದ ಮೂಲೆ ಇಲ್ಲ. ಕೋಳಿಗೆ ಹೇನಾಯಿತು ಎಂದರೆ ಕೈ ಅದರ ಕಡೆಗೇ ಹೋಗುತ್ತದೆ. ಅಥವಾ ಎಮ್ಮೆಯ ಉಣ್ಣೆಗೆ ತಂದದ್ದನ್ನು ಅದೇ ಬಕೆಟಿನಲ್ಲಿ ಕಲಸಿ ಕೋಳಿಯನ್ನು ಮುಳುಗಿಸಿ ತೆಗೆಯುತ್ತಾರೆ. ಎಮ್ಮೆಯ ಔಷಧಿಯ ಪ್ರಮಾಣ ಎಮ್ಮೆಯ ಲೆಕ್ಕದ್ದು. ಒಂದೂವರೆ ಕಿಲೋ ತೂಗುವ, ದಿನವಿಡೀ ಕೊಕ್ಕಿನಿಂದ ಪುಕ್ಕ ತೀಡಿಕೊಳ್ಳುವ ಹಕ್ಕಿಗೆ ಅದು ಮೈಮೇಲೆ ಮಾತ್ರ ಉಳಿಯುವುದಿಲ್ಲ, ಹೊಟ್ಟೆಗೂ ಹೋಗುತ್ತದೆ. ಅಲ್ಲಿಂದ ಮೊಟ್ಟೆಗೆ ಬರುತ್ತದೆ.

ಇದು ಹೆದರಿಸುವ ಮಾತಲ್ಲ. 2017ರಲ್ಲಿ ಯುರೋಪಿನ ನೆದರ್ಲೆಂಡ್ಸ್, ಬೆಲ್ಜಿಯಂ ದೇಶಗಳಲ್ಲಿ ಕೋಳಿ ಸಾಕುವವರ ಶೆಡ್ಡುಗಳಲ್ಲಿ ನುಸಿ ಕೊಲ್ಲಲೆಂದು ಬಳಸಿದ ದ್ರಾವಣದಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಸೇರಿತ್ತು. ಆಹಾರಕ್ಕೆ ಸಾಕುವ ಪ್ರಾಣಿಗಳ ಮೇಲೆ ಅದನ್ನು ಬಳಸಲು ಅಲ್ಲಿ ಅನುಮತಿ ಇರಲಿಲ್ಲ. ಮೊಟ್ಟೆಯಲ್ಲಿ ಅದರ ಅಂಶ ಸಿಕ್ಕಿತು, ಹಲವು ದೇಶಗಳ ಅಂಗಡಿಗಳಿಂದ ಲಕ್ಷಗಟ್ಟಲೆ ಮೊಟ್ಟೆ ವಾಪಸು ತೆಗೆದರು, ಎಷ್ಟೋ ಫಾರಂಗಳು ಬಾಗಿಲು ಹಾಕಿದವು. ಅದೇ ಫಿಪ್ರೊನಿಲ್ ನಮ್ಮಲ್ಲಿ ಭತ್ತದ ಕಾಂಡಕೊರಕಕ್ಕೆ ಹರಳಿನ ರೂಪದಲ್ಲಿ ಬರುತ್ತದೆ. ಅಲ್ಲಿ ಪರೀಕ್ಷೆ ಮಾಡುವವರಿದ್ದರು, ಸಿಕ್ಕಿಬಿತ್ತು. ನಮ್ಮ ಹಿತ್ತಲ ಮೊಟ್ಟೆಯನ್ನು ಯಾರೂ ಪರೀಕ್ಷೆಗೆ ಒಯ್ಯುವುದಿಲ್ಲ. ಅದನ್ನು "ಜವಾರಿ ಮೊಟ್ಟೆ, ಶುದ್ಧ" ಎಂದು ನಂಬಿ ಬಾಣಂತಿಗೆ, ಮಗುವಿಗೆ ತಿನ್ನಿಸುತ್ತೇವೆ. ಹಾಲಿಗೆ ನಾವು ದಿನಕ್ಕೆರಡು ಸಲ ಪರೀಕ್ಷೆ ಕೊಡುತ್ತೇವೆ. ಮೊಟ್ಟೆಗೆ ನಿಮ್ಮ ಮನಸ್ಸೇ ಪರೀಕ್ಷೆ.

ಎಮ್ಮೆಗೆ ಉಣ್ಣೆ ಔಷಧಿ ಹಚ್ಚುವ ದಿನ ಕೋಳಿಯನ್ನು ದನದ ಮನೆಯಿಂದ ಹೊರಗಿಡಿ. ಸತ್ತು ಬಿದ್ದ ಉಣ್ಣೆಯನ್ನು ಅವು ಹೆಕ್ಕಿ ತಿನ್ನುತ್ತವೆ. ಹಾಗೆಯೇ ಗ್ವಾದಲಿಯ ಮೇಲೆ ಕೋಳಿ ಕೂರಲು ಬಿಡಬೇಡಿ, ಹಿಕ್ಕೆ ಬಿದ್ದ ಮೇವು ಎಮ್ಮೆಗೆ ಒಳ್ಳೆಯದಲ್ಲ.

ಡೇರಿಯಿಂದ ಆಗಬೇಕಾದ ಒಂದು ಕೆಲಸ

ನೋಡುವುದು ನಮ್ಮ ಕೈಯಲ್ಲಿದೆ. ಲಸಿಕೆ ಮಾತ್ರ ಒಬ್ಬರಿಂದ ಆಗುವುದಿಲ್ಲ. ಸಿಡುಬಿಗೂ ರಾಣಿಖೇತಕ್ಕೂ ಒಳ್ಳೆಯ ಲಸಿಕೆಗಳಿವೆ. ಸಿಡುಬಿನದನ್ನು ಆರರಿಂದ ಎಂಟು ವಾರದ ಮರಿಗೆ ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುತ್ತಾರೆ. ವಾರ ಹತ್ತು ದಿನಕ್ಕೆ ಆ ಜಾಗದಲ್ಲಿ ಸಣ್ಣ ಹಕ್ಕಳೆ ಕಟ್ಟಿದರೆ ಲಸಿಕೆ ಹತ್ತಿತು ಎಂದರ್ಥ, ಅದನ್ನು ನೀವೇ ನೋಡಿ ಹೇಳಬಹುದು. ತೊಡಕು ಇರುವುದು ಸೀಸೆಯಲ್ಲಿ. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಒಮ್ಮೆ ಕಲಸಿದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಅದೂ ಮಂಜುಗಡ್ಡೆಯ ಮೇಲಿಟ್ಟು. ಎಂಟು ಕೋಳಿಯ ನಿಮ್ಮೊಬ್ಬರ ಮನೆಗಾಗಿ ಅದನ್ನು ಯಾರು ಒಡೆಯುತ್ತಾರೆ? ಹೀಗಾಗಿ ದೊಡ್ಡ ಫಾರಂ ಕೋಳಿಗೆ ಲಸಿಕೆ ಸಿಗುತ್ತದೆ, ಹಿತ್ತಲ ಕೋಳಿಗೆ ತಪ್ಪಿಹೋಗುತ್ತದೆ.

ಆದರೆ ಹದಿನೈದು ಮನೆಯ ಕೋಳಿ ಸೇರಿದರೆ ನೂರು ದಾಟುತ್ತದೆ. ಆ ಹದಿನೈದು ಹೆಣ್ಣುಮಕ್ಕಳು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ಬಾಗಿಲಲ್ಲಿ ಕ್ಯಾನು ಹಿಡಿದು ನಿಂತಿರುತ್ತಾರೆ. ಇದಕ್ಕಿಂತ ಒಳ್ಳೆಯ ಸಂಘಟನೆ ಊರಲ್ಲಿ ಯಾವುದಿದೆ? ಓಣಿಯಂತೆ ದಿನ ಗೊತ್ತು ಮಾಡಿ, ಯಾರ ಮನೆಯಲ್ಲಿ ಎಷ್ಟು ಕೋಳಿ ಎಂದು ಕಾರ್ಯದರ್ಶಿ ಬರೆದುಕೊಂಡು, ಪಶು ಆಸ್ಪತ್ರೆಗೆ ಮೊದಲೇ ತಿಳಿಸಿದರೆ ಒಂದು ಬೆಳಗಿನಲ್ಲಿ ಕೆಲಸ ಮುಗಿಯುತ್ತದೆ. ಹಿಂದಿನ ಸಂಜೆಯೇ ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು, ಚುಚ್ಚುವವರು ಮನೆಮನೆಗೆ ಬರುವಂತೆ ಮಾಡಬೇಕು. ಎಲ್ಲರ ಕೋಳಿಯನ್ನು ಡೇರಿಯ ಮುಂದೆ ಗುಡ್ಡೆ ಹಾಕಿದರೆ ರೋಗವನ್ನೂ ಹಂಚಿಕೊಂಡಂತಾಗುತ್ತದೆ. ಲಸಿಕೆ ಹಾಕಿಸುವುದು ಆರೋಗ್ಯವಾಗಿರುವ ಕೋಳಿಗೆ. ಊರಲ್ಲಿ ಪಶು ಸಖಿ ಇದ್ದರೆ ಅವರನ್ನೂ ಜೊತೆಗೆ ಕರೆಯಿರಿ.

"ಸಂಘ ಇರುವುದು ಹಾಲಿಗೆ, ಕೋಳಿಗೇಕೆ?" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯಲ್ಲಿ ಅರ್ಥವಿದೆ. ಸಂಘದ ದುಡ್ಡು, ಸಂಘದ ಕೆಲಸ ಹಾಲಿಗೇ ಮೀಸಲಿರಲಿ. ನಾವು ಕೇಳುತ್ತಿರುವುದು ಒಂದು ಹಾಳೆಯಲ್ಲಿ ಹೆಸರು ಬರೆಯುವುದು, ಒಂದು ಫೋನು ಮಾಡುವುದು, ಪಶು ಆರೋಗ್ಯ ಶಿಬಿರದ ದಿನ ಕೋಳಿಗೂ ಅರ್ಧ ತಾಸು ಕೊಡುವುದು. ಲಸಿಕೆಯ ಖರ್ಚು ಬಂದರೆ ಕೋಳಿಗೆ ಇಷ್ಟು ಎಂದು ನಾವೇ ಹಾಕೋಣ. ಹಾಲು ಹಾಕುವ ಹೆಣ್ಣುಮಗಳ ಮನೆ ನಡೆಯುವುದು ಹಾಲಿನಿಂದ ಮಾತ್ರವಲ್ಲ. ಎಮ್ಮೆ ಬತ್ತಿದ ತಿಂಗಳುಗಳಲ್ಲಿ ಉಪ್ಪು, ಸೋಪು ಬರುವುದು ಮೊಟ್ಟೆಯಿಂದ. ಪಶುಸಂಗೋಪನಾ ಇಲಾಖೆ ಹಿತ್ತಲ ಕೋಳಿ ಸಾಕಾಣಿಕೆಗೆಂದು ಹೆಣ್ಣುಮಕ್ಕಳಿಗೆ ಮರಿ ಕೊಡುತ್ತ ಬಂದಿದೆ. ಗಿರಿರಾಜ, ಸ್ವರ್ಣಧಾರದಂಥ ಒಳ್ಳೆಯ ತಳಿಗಳು ನಮ್ಮ ರಾಜ್ಯದಲ್ಲೇ ಹುಟ್ಟಿವೆ. ಮರಿ ಕೈಗೆ ಬಂದ ದಿನವೇ ಮುಂದಿನ ಲಸಿಕೆಯ ತಾರೀಖಿನ ಚೀಟಿಯೂ ಕೈಗೆ ಬರಬೇಕು ಎಂದು ನಾವು ಕೇಳಿ ಪಡೆಯಬೇಕು.

ಹಾಗಾಗಿ ಈ ತಿಂಗಳು ಎರಡು ಕೆಲಸ ಮಾಡಿ. ಈ ವಾರದಲ್ಲಿ ಒಂದು ಸಂಜೆ ನಿಮ್ಮ ಕೋಳಿಗಳನ್ನು ಒಂದೊಂದಾಗಿ ಎತ್ತಿ ಐದು ಜಾಗ ನೋಡಿ, ಕಂಡದ್ದನ್ನು ಪಕ್ಕದ ಮನೆಯವರೊಡನೆ ಮಾತಾಡಿ. ಸಂತೆಯಿಂದ ಹೊಸ ಕೋಳಿ ತಂದಿದ್ದರೆ ಎರಡು ವಾರ ಬೇರೆ ಬುಟ್ಟಿಯಲ್ಲಿಟ್ಟು ನೋಡಿದ ಮೇಲೆ ಗುಂಪಿಗೆ ಬಿಡಿ. ಎರಡನೆಯದು, ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಎದ್ದು ನಿಂತು ಕೋಳಿ ಲಸಿಕೆಯ ದಿನ ಯಾವಾಗ ಎಂದು ಕೇಳಿ. ಒಬ್ಬರು ಕೇಳಿದರೆ ನಗುತ್ತಾರೆ. ಹದಿನೈದು ಮಂದಿ ಕೇಳಿದರೆ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.